ಅಟ್ಟದ ಮೇಲಿನ ಎರಡು ಕೊಳಗ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಸಂದೇಶಕ್ಕೆ ಮೊಬೈಲಿನಲ್ಲೇ ಉತ್ತರ ಬರೆಯಲು ಹೋಗಿ ಬೆರಳು ಸೋತಿತು. ನನಗೆ ಕಾಗದವೇ ವಾಸಿ. ಅಟ್ಟದ ಮೇಲಿನ, ಧಾನ್ಯ ಅಳೆಯುವ ದೊಡ್ಡ ಕೊಳಗ ನಿನ್ನ ಬೆಂಗಳೂರಿನ ಮನೆಗೆ ಬೇಕು, ಹೊಳಪು ಕೊಡಿಸಿ, ‘ಮುಳುಗಿದ ಊರಿನ ನೆನಪು’ ಎಂದು ಬರೆಸಿ ಹಾಲ್‌ನಲ್ಲಿ ಇಡುತ್ತೇನೆ ಎಂದಿದ್ದೀಯ. ಧಾರಾಳವಾಗಿ ಒಯ್ಯಿ, ಗೆದ್ದಲಿನ ಪಾಲಾಗುವುದಕ್ಕಿಂತ ಒಳ್ಳೆಯದು. ಆದರೆ ಅಟ್ಟದ ಮೇಲೆ ಇರುವುದು ಒಂದಲ್ಲ, ಎರಡು ಕೊಳಗ.

ಮೊನ್ನೆ ಎರಡನ್ನೂ ಇಳಿಸಿ, ಒರೆಸಿ, ಜಗಲಿಯ ಮೇಲೆ ಚಾಪೆ ಹಾಸಿ ಕುಳಿತೆ. ದೊಡ್ಡದಕ್ಕೆ ಅಕ್ಕಿ ತುಂಬಿ ತಲೆ ಸವರಿ, ಅದನ್ನೇ ಚಿಕ್ಕದಕ್ಕೆ ಸುರಿದೆ. ಚಿಕ್ಕದು ತುಂಬಿ ಇನ್ನೂ ನಾಲ್ಕು ಬೊಗಸೆ ಅಕ್ಕಿ ಚಾಪೆಯ ಮೇಲೆ ಉಳಿಯಿತು. ನಿನ್ನ ದೊಡ್ಡಮ್ಮ ನೋಡಿದಳು, ಅದನ್ನು ಮೊರಕ್ಕೆ ಬಳಿದುಕೊಂಡು ಏನೂ ಹೇಳದೆ ಒಳಗೆ ಹೋದಳು.

ನಮ್ಮ ಗದ್ದೆ ಉಳುವ ಒಕ್ಕಲಿನವರು ಕೊಡುವ ಗೇಣಿಯನ್ನು ನಮ್ಮಜ್ಜ ದೊಡ್ಡದರಲ್ಲಿ ಅಳೆದುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಒಕ್ಕಲಿನವರು ಕಡಕ್ಕೆ ಬಂದರೆ ಅಳೆದು ಕೊಡುತ್ತಿದ್ದದ್ದು ಚಿಕ್ಕದರಲ್ಲಿ.

ಆ ಕಾಲದ ರೂಢಿ ಎಂದು ನಾನೂ ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಇದು ಅನ್ಯಾಯ ಎಂದು ಆ ಕಾಲದಲ್ಲಿಯೇ, ನಮ್ಮ ಸಾಗರ ತಾಲ್ಲೂಕಿನಲ್ಲಿಯೇ, ಎದ್ದು ನಿಂತವರಿದ್ದರು. 1951ರ ಏಪ್ರಿಲ್‌ನಲ್ಲಿ ಕಾಗೋಡಿನ ದೀವರ ಸಮುದಾಯದ ಗೇಣಿದಾರರು ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸತ್ಯಾಗ್ರಹಕ್ಕಿಳಿದದ್ದು ಏಕೆಂದುಕೊಂಡೆ? ಅಳತೆಯ ಕೊಳಗ ಸರಿಯಾಗಿರಲಿ, ಕೊಟ್ಟ ಗೇಣಿಗೆ ರಸೀದಿ ಕೊಡಿ ಎಂದು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ನನಗಾಗ ಐದು ವರ್ಷ. ಮನೆಯಲ್ಲಿ ಕಾಗೋಡಿನ ಹೆಸರೆತ್ತಿದರೆ ದೊಡ್ಡವರು ಕಣ್ಣು ಬಿಡುತ್ತಿದ್ದರು, ನೆನಪಿದೆ. ನಾಡೆಲ್ಲ ಹೆಮ್ಮೆಯಿಂದ ಹೇಳುವ ಈ ಕಥೆಯಲ್ಲಿ ನಮ್ಮ ಮನೆ ಇದ್ದದ್ದು ಎದುರಾಳಿಗಳ ಸಾಲಿನಲ್ಲಿ.

ಅದಾಗಿ ಹದಿಮೂರು ವರ್ಷಕ್ಕೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಮನೆಬಾಗಿಲಿಗೆ ಬಂದಳು. ತೋಟ, ಗದ್ದೆ, ಕೆರೆ, ಭೂತನ ಕಟ್ಟೆ ಎಲ್ಲ ಹೋಯಿತು. ಅಂದಿನಿಂದ ನಾವು ‘ಮುಳುಗಡೆಯವರು’. ಮದುವೆಗೆ ಹುಡುಗಿ ನೋಡಲು ಹೋದರೂ ಯಾವ ಊರು ಎಂದು ಕೇಳಿದವರಿಗೆ ಅದೇ ಉತ್ತರ. ಕರೂರು ಹೋಬಳಿಯ ಒಡೆಯರು, ಒಕ್ಕಲಿನವರು, ಪೂಜೆಯವರು, ಬಡಗಿಗಳು ಎಲ್ಲರಿಗೂ ಒಂದೇ ಹೆಸರು. ಆ ಹೆಸರಿನಲ್ಲಿ ನಿಜವಾದ ನೋವಿದೆ, ಅದನ್ನು ನಾನು ಕಡೆಗಣಿಸುತ್ತಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮಪ್ಪ ಹಿನ್ನೀರಿನ ಅಂಚಿಗೆ ಹೋಗಿ, ಒಣಗಿದ ಬುಡಗಳನ್ನು ಎಣಿಸಿ ನಮ್ಮ ಅಂಗಳ ಎಲ್ಲಿತ್ತೆಂದು ಹುಡುಕುತ್ತಿದ್ದರು.

ಆದರೆ ಪರಿಹಾರದ ಹಣ ಬಂದದ್ದು ಕಾಗದದಲ್ಲಿ ಹೆಸರಿದ್ದ ನಮಗೆ. ನಮ್ಮ ಒಕ್ಕಲಾಗಿದ್ದ ಹುಚ್ಚಪ್ಪ ಮೂರು ತಲೆಮಾರಿನಿಂದ ಉತ್ತ ಗದ್ದೆಗೆ ಒಂದೇ ಒಂದು ಚೀಟಿ ಇರಲಿಲ್ಲ, ಏಕೆಂದರೆ ಅಜ್ಜ ರಸೀದಿ ಕೊಟ್ಟವರೇ ಅಲ್ಲ. ಕಾಗೋಡಿನವರು ರಸೀದಿಗೆ ಅಷ್ಟು ಹಟ ಹಿಡಿದದ್ದು ಏಕೆಂದು ನನಗೆ ತಿಳಿದದ್ದು ಆಗಲೇ. 1974ರಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಬೇರೆ ಊರುಗಳ ಗೇಣಿದಾರರು ಈ ಗದ್ದೆ ಉಳುವವರು ನಾವೇ ಎಂದು ಡಿಕ್ಲರೇಷನ್ ಕೊಟ್ಟು ಗದ್ದೆ ಪಡೆದರು. ಹುಚ್ಚಪ್ಪ ಏನೆಂದು ಡಿಕ್ಲರೇಷನ್ ಕೊಡಬೇಕಿತ್ತು? ಅವನ ಗದ್ದೆ ನೀರಿನಡಿ ಸೇರಿ ಹತ್ತು ವರ್ಷವಾಗಿತ್ತು.

ಆದ್ದರಿಂದ ಎರಡೂ ಕೊಳಗ ಒಯ್ಯಿ. ದೊಡ್ಡದೊಂದನ್ನೇ ಒಯ್ದರೆ ನೋಡಿದವರು ‘ಎಂಥ ಸಮೃದ್ಧಿಯ ಮನೆ’ ಎಂದಾರು, ನಿನಗೂ ಹಾಗೆಯೇ ಅನ್ನಿಸೀತು. ಚಿಕ್ಕದು ಪಕ್ಕದಲ್ಲಿದ್ದರೆ ನಿನ್ನ ಮಗಳು ಒಂದಲ್ಲ ಒಂದು ದಿನ ‘ಎರಡು ಏಕೆ ಅಪ್ಪಾ’ ಎಂದು ಕೇಳುತ್ತಾಳೆ. ನೀನು ತಲೆ ತಗ್ಗಿಸುವುದೂ ಬೇಡ, ಎದೆ ಬಡಿದುಕೊಳ್ಳುವುದೂ ಬೇಡ, ಆ ಅಳತೆ ನೀನು ಮಾಡಿದ್ದಲ್ಲ. ಅಕ್ಕಿ ತಂದು ಅವಳ ಎದುರು ಅಳೆದು ತೋರಿಸು, ಸಾಕು.

ಹಿನ್ನೀರಿನ ಮೇಲಿನ ಸಿಗಂದೂರಿನ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ಲಾಂಚಿಗೆ ಕಾಯುವ ಗೋಳು ತಪ್ಪಿದೆ. ಸೇತುವೆ ಚೆಂದವೇ ಇದೆ, ಆದರೆ ಕಾರು ನಿಲ್ಲಿಸಿ ನೀರಿನ ಫೋಟೋ ತೆಗೆಯುವವರಿಗೆ ಕೆಳಗಡೆ ಗದ್ದೆಗಳಿಗೂ ಹೆಸರಿದ್ದವೆಂದು ಹೇಳುವವರು ಯಾರು?

ಮೇ ತಿಂಗಳಲ್ಲಿ ಬಾ. ನೀರು ಚೆನ್ನಾಗಿ ಇಳಿದರೆ ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ, ತೋರಿಸುತ್ತೇನೆ. ಹುಚ್ಚಪ್ಪನ ಮಗನಿಗೂ ಹೇಳಿ ಕಳಿಸುತ್ತೇನೆ. ಗದ್ದೆಗಳ ಹೆಸರು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಫಲಕದಲ್ಲಿ ಏನು ಬರೆಸಬೇಕೆಂದು ಅವನನ್ನೂ ಕೇಳೋಣ. ಬರುವಾಗ ಎರಡು ಹಳೆಯ ಕಂಬಳಿ ತಾ. ಚಿಕ್ಕ ಕೊಳಗದ ಅಂಚು ಸೀಳಿದೆ, ಸುತ್ತದೆ ಬಸ್ಸಿಗೆ ಹಾಕಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಎರಡು ಹೋಳಾಗುತ್ತದೆ.

ಇಂತು,
ನಿನ್ನ ದೊಡ್ಡಪ್ಪ
ಸಾಗರ