ಎರೆಮಣ್ಣಿನ ಸೀಮೆಗೆ ಕೊಡುವ ಹಣ

ಕಳೆದ ಸರ್ವಸದಸ್ಯರ ಸಭೆಯಲ್ಲಿ ಊಟದ ಹೊತ್ತಾಗಿದ್ದರಿಂದ ಒಂದು ಚರ್ಚೆ ಅರ್ಧಕ್ಕೇ ನಿಂತಿತು. ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ಸೇವಾನಿಧಿಯಲ್ಲಿ ಉಳಿದಿರುವ ಹಣದ ಒಂದು ಪಾಲನ್ನು ಅಲಬಾಮಾ ರಾಜ್ಯದ ‘ಬ್ಲ್ಯಾಕ್ ಬೆಲ್ಟ್’ ಸೀಮೆಯಲ್ಲಿ ಕಪ್ಪು ಸಮುದಾಯದವರೇ ಕಟ್ಟಿ ನಡೆಸುತ್ತಿರುವ ಸಣ್ಣ ಸೇವಾಸಂಸ್ಥೆಗಳಿಗೆ, ಅಲ್ಲಿನ ಸಮುದಾಯ ಪ್ರತಿಷ್ಠಾನದ ಮೂಲಕ ಕೊಡಬೇಕೆಂಬ ಪ್ರಸ್ತಾಪ ಅದು. ಹಿರಿಯ ಸದಸ್ಯರೊಬ್ಬರು ಎದ್ದು, ನಮಗೆ ಗುರುತು ಪರಿಚಯವಿಲ್ಲದ ಆ ಹಳ್ಳಿಗಳಿಗೇ ಏಕೆ ಕೊಡಬೇಕು ಎಂದು ಕೇಳಿದರು. ಕೊಡುವುದೇ ಆದರೆ ಇಂಥದ್ದಕ್ಕೆ ಎಂದು ನಿಗದಿ ಮಾಡದೆ ಇನ್ನೊಬ್ಬರ ಕೈಗೆ ಚೆಕ್ಕು ಕೊಟ್ಟು ಬರುವುದು ಯಾವ ನ್ಯಾಯ ಎಂದೂ ಕೇಳಿದರು. ಬಿಸಿಬೇಳೆಬಾತು ಆರುತ್ತಿತ್ತು, ಉತ್ತರಿಸುವ ಹೊಣೆ ಹೊತ್ತಿದ್ದ ನಾನು ಮಾತನ್ನು ಈ ಸಂಚಿಕೆಗೆ ಮುಂದೂಡಿದೆ.

ಅಲಬಾಮಾದ ನಡುಭಾಗದಲ್ಲಿ ಕುಡುಗೋಲಿನಂತೆ ಬಾಗಿ ಹರಡಿರುವ ಈ ಸೀಮೆಗೆ ಆ ಹೆಸರು ಮೊದಲು ಬಂದದ್ದು ಜನರ ಮೈಬಣ್ಣದಿಂದಲ್ಲ, ಮಣ್ಣಿನ ಬಣ್ಣದಿಂದ. ಧಾರವಾಡ, ಗದಗ ಕಡೆಯಿಂದ ಬಂದವರಿಗೆ ಈ ಮಣ್ಣನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಚಪ್ಪಲಿಯನ್ನು ಕಿತ್ತುಕೊಳ್ಳುವ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುವ ನಮ್ಮ ಎರೆಯ ಅಣ್ಣತಮ್ಮನೇ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲದಲ್ಲಿ ಹತ್ತಿ ಬೆಳೆದು ಹಣ ಮಾಡಿಕೊಳ್ಳಬಹುದೆಂದು ಕಂಡ ಜಮೀನ್ದಾರರು ಗುಲಾಮರನ್ನು ಸಾಲುಸಾಲಾಗಿ ಇಲ್ಲಿಗೆ ತಂದರು. ಮಣ್ಣಿಗೆ ಇಟ್ಟ ಹೆಸರು ಮುಂದೆ ಕಪ್ಪು ಜನ ಬಿಳಿಯರಿಗಿಂತ ಹೆಚ್ಚಾಗಿರುವ ಕೌಂಟಿಗಳಿಗೆ (ಎಂದರೆ ಅಲ್ಲಿನ ಜಿಲ್ಲೆಗಳಿಗೆ) ಅಂಟಿಕೊಂಡದ್ದನ್ನು ಕಪ್ಪು ಸಮುದಾಯದ ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರು 1901ರಲ್ಲಿಯೇ ಬರೆದಿದ್ದಾರೆ. ನಡುವೆ ಒಂದು ಮಾತು: 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಬೆಳೆಗಾರರನ್ನು ಕರೆಸಿ ಭಾರತದಲ್ಲಿ ಪ್ರಯೋಗ ನಡೆಸಿದಾಗ ಆ ಕಡೆಯ ಬೀಜ ಚೆನ್ನಾಗಿ ಬೇರೂರಿದ ಜಾಗಗಳಲ್ಲಿ ಧಾರವಾಡವೂ ಒಂದು, ಅಲ್ಲಿ ಬೆಳೆದ ಅರಳೆಗೆ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. ಆದ್ದರಿಂದ ಗುರುತು ಪರಿಚಯವೇ ಇಲ್ಲದ ನೆಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಕೊಡುವ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ದಾನಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಅದು ಹರಿಯುವ ದಿಕ್ಕಿನಲ್ಲಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2010ರಿಂದ 2014ರವರೆಗಿನ ಅವಧಿಯಲ್ಲಿ ದೇಶದ ಪ್ರತಿಷ್ಠಾನಗಳು ಕೊಟ್ಟ ಅನುದಾನವನ್ನು ತಲೆಗೆ ಇಷ್ಟೆಂದು ಹಂಚಿ ನೋಡಿದರೆ ಇಡೀ ದೇಶಕ್ಕೆ 451 ಡಾಲರ್ ಬಂದರೆ, ಅಲಬಾಮಾದ ಎರೆಸೀಮೆ ಮತ್ತು ಮಿಸಿಸಿಪಿ ಡೆಲ್ಟಾಗಳಿಗೆ ಬಂದದ್ದು 41 ಡಾಲರ್. ಬಡತನ ಹೆಚ್ಚಿರುವ ಕಡೆಗೆ ಹತ್ತನೆಯ ಒಂದು ಪಾಲೂ ಸಲ್ಲಲಿಲ್ಲ. ಇದಕ್ಕೆ ಕಾರಣ ಯಾರದೋ ಕೆಟ್ಟ ಮನಸ್ಸು ಎಂದು ಹೇಳಿ ಮುಗಿಸುವುದು ಸುಲಭ, ಆದರೆ ದೊಡ್ಡ ದತ್ತಿನಿಧಿಗಳು ಹುಟ್ಟಿದ್ದು ಕೈಗಾರಿಕೆಯ ಹಾಗೂ ಬ್ಯಾಂಕುಗಳ ಹಣ ಕೂಡಿದ ಮಹಾನಗರಗಳಲ್ಲಿ, ಅವುಗಳ ಅಧಿಕಾರಿಗಳು ಬಲ್ಲದ್ದು ತಮ್ಮ ಸುತ್ತಲಿನ ಸಂಸ್ಥೆಗಳನ್ನು. ಹತ್ತಿಯ ಹಣವಾದರೋ ದುಡಿದವರ ಊರಿನಲ್ಲಿ ಉಳಿಯಲೇ ಇಲ್ಲ. ಅರ್ಜಿ ಬರೆಯಲು ಸಂಬಳದ ಮನುಷ್ಯನನ್ನು ಇಟ್ಟುಕೊಳ್ಳಲಾಗದ ಸಂಸ್ಥೆಗೆ ಅನುದಾನ ಸಿಗುವುದಿಲ್ಲ, ಅನುದಾನ ಸಿಗದೆ ಅಂಥ ಮನುಷ್ಯನನ್ನು ಇಟ್ಟುಕೊಳ್ಳಲು ಆಗುವುದಿಲ್ಲ. 2020ರಲ್ಲಿ ಬ್ರಿಡ್ಜ್‌ಸ್ಪ್ಯಾನ್ ಮತ್ತು ಎಕೋಯಿಂಗ್ ಗ್ರೀನ್ ಸಂಸ್ಥೆಗಳು ಸೇರಿ ಮಾಡಿದ ಅಧ್ಯಯನದಲ್ಲಿ, ಎಕೋಯಿಂಗ್ ಗ್ರೀನ್ ನೆರವು ಕೋರಿದ ಒಳ್ಳೆಯ ಅರ್ಹತೆಯ ಅರ್ಜಿದಾರರ ನಡುವೆಯೇ ಹೋಲಿಸಿದಾಗಲೂ, ಕಪ್ಪು ನಾಯಕತ್ವದ ಸಂಸ್ಥೆಗಳ ಬಳಿ ಷರತ್ತಿಲ್ಲದೆ ಬಳಸಬಹುದಾದ ಆಸ್ತಿ ಬಿಳಿಯರ ನಾಯಕತ್ವದವುಗಳಿಗಿಂತ ಶೇ. 76ರಷ್ಟು ಕಡಿಮೆ ಇತ್ತು. ‘ಷರತ್ತಿಲ್ಲದೆ’ ಎಂಬ ಪದದ ಮೇಲೆ ಓದುಗರು ಬೆರಳಿಟ್ಟುಕೊಳ್ಳಬೇಕು.

ಏಕೆಂದರೆ ಆ ಪದದ ಬೆಲೆ ನಮಗೇ ಗೊತ್ತಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾನುವಾರದ ಕನ್ನಡ ಶಾಲೆಗೆಂದು ಒಂದು ನಿಧಿಗೆ ಅರ್ಜಿ ಹಾಕಿದ್ದೆವು. ಕೇಳಿದ್ದು ಎರಡು ಸಾವಿರ ಡಾಲರ್. ಅವರು ಮೂರು ವರ್ಷದ ಲೆಕ್ಕಪರಿಶೋಧನೆಯ ವರದಿ ಕೇಳಿದರು, ಮಕ್ಕಳ ಕಲಿಕೆಯನ್ನು ಅಳೆಯುವ ಕೋಷ್ಟಕ ಕೇಳಿದರು, ಬಾಡಿಗೆಗೂ ಕಾಗದಕ್ಕೂ ಈ ಹಣ ಬಳಸುವಂತಿಲ್ಲ ಎಂದರು. ಆಗಿನ ಖಜಾಂಚಿಯವರು ತಮ್ಮ ಅಡುಗೆಮನೆಯ ಮೇಜಿನ ಮೇಲೆ ರಸೀತಿಗಳನ್ನೆಲ್ಲ ಹರಡಿಕೊಂಡು ನಾಲ್ಕು ರಾತ್ರಿ ಕುಳಿತರು, ಆಮೇಲೆ ಒಬ್ಬ ಲೆಕ್ಕಪರಿಶೋಧಕರಿಗೆ ಫೋನ್ ಮಾಡಿ ಫೀಸು ವಿಚಾರಿಸಿದರು. ನಾವು ಕೇಳಿದ ಅನುದಾನಕ್ಕಿಂತ ಅವರ ಫೀಸೇ ಹೆಚ್ಚಾಗಿತ್ತು. ಅರ್ಜಿ ವಾಪಸು ಪಡೆದೆವು, ಶಾಲೆಯ ಬಾಡಿಗೆಯನ್ನು ಪೋಷಕರೇ ಹಂಚಿಕೊಂಡರು. ಸಾಫ್ಟ್‌ವೇರ್ ಎಂಜಿನಿಯರುಗಳೂ ವೈದ್ಯರೂ ತುಂಬಿರುವ ಕೂಟದ ಪಾಡೇ ಹೀಗಾದರೆ, ಹತ್ತಿರದ ದಿನಸಿ ಅಂಗಡಿಗೂ ಮೈಲಿಗಟ್ಟಲೆ ಕಾರು ಓಡಿಸಬೇಕಾದ ಊರಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಚರ್ಚಿನ ನೆಲಮಾಳಿಗೆಯಲ್ಲಿ ನಡೆಸುವ ಮಕ್ಕಳ ಪಾಠಶಾಲೆಯ ಪಾಡನ್ನು ಊಹಿಸಿಕೊಳ್ಳಿ.

ಸಮುದಾಯ ಪ್ರತಿಷ್ಠಾನ ಎಂಬ ವ್ಯವಸ್ಥೆ ಹುಟ್ಟಿದ್ದು ಈ ಅಂತರ ತುಂಬುವುದಕ್ಕೆ. 1914ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರು ಮೊದಲನೆಯದನ್ನು ಕಟ್ಟಿದರು: ಒಬ್ಬ ಸಿರಿವಂತನ ಗಂಟಿನ ಬದಲು ಹಲವರ ಹಣ ಒಂದೆಡೆ ಸೇರಿ, ಅದನ್ನು ಹೇಗೆ ಹಂಚಬೇಕೆಂದು ಆ ಊರಿನವರೇ ತೀರ್ಮಾನಿಸುವುದು ಅದರ ತಿರುಳು. ಮಹಾನಗರಗಳಲ್ಲಿ ಇಂಥವು ಬೆಳೆದು ದೊಡ್ಡವಾದವು, ಹಳ್ಳಿಗಾಡಿಗೆ ತಲುಪಲು ಬಹಳ ಕಾಲ ಹಿಡಿಯಿತು. ಸೆಲ್ಮಾ ಪಟ್ಟಣದಲ್ಲಿ ‘ಬ್ಲ್ಯಾಕ್ ಬೆಲ್ಟ್ ಕಮ್ಯೂನಿಟಿ ಫೌಂಡೇಶನ್’ ಆರಂಭವಾದದ್ದು 2004ರಲ್ಲಿ. ಡಲ್ಲಾಸ್, ಪೆರಿ, ವಿಲ್‌ಕಾಕ್ಸ್, ಲೌಂಡ್ಸ್, ಗ್ರೀನ್, ಸಮ್ಟರ್, ಮೇಕನ್ ಮೊದಲಾದ 12 ಕೌಂಟಿಗಳು ಅದರ ವ್ಯಾಪ್ತಿ. ಕೌಂಟಿಗಳಲ್ಲಿರುವ ಸ್ವಯಂಸೇವಕರು ತಮ್ಮ ನೆರೆಹೊರೆಯಲ್ಲಿ ಹಣವನ್ನೂ ಎತ್ತುತ್ತಾರೆ, ಬಂದ ಅರ್ಜಿಗಳನ್ನೂ ನೋಡುತ್ತಾರೆ. ‘ನಮ್ಮಲ್ಲಿ ಇರುವುದನ್ನು ತೆಗೆದುಕೊಂಡು ನಮಗೆ ಬೇಕಾದುದನ್ನು ಮಾಡಿಕೊಳ್ಳುವುದು’ ಎಂಬರ್ಥದ ಮಾತು ಅದರ ಧ್ಯೇಯವಾಕ್ಯ. ದೂರದ ಕಚೇರಿಗೆ ಕಾಗದದ ಮೇಲಿನ ಹೆಸರಷ್ಟೇ ಆಗಿರುವ ಸಂಸ್ಥೆ, ಈ ಸ್ವಯಂಸೇವಕರಿಗೆ ತಮ್ಮ ಮೊಮ್ಮಗ ಸಂಜೆ ಓದಲು ಹೋಗುವ ಜಾಗವಾಗಿರುತ್ತದೆ. ಕೆಲಸ ನಡೆಯುತ್ತಿದೆಯೇ ಇಲ್ಲವೇ ಎಂಬುದಕ್ಕೆ ಅವರಿಗೆ ಕೋಷ್ಟಕ ಬೇಕಿಲ್ಲ.

ಅಂಥ ಸಂಸ್ಥೆಗಳು ಏಕೆ ಬೇಕು ಎಂಬುದಕ್ಕೆ ಲೌಂಡ್ಸ್ ಕೌಂಟಿಯನ್ನೊಮ್ಮೆ ನೋಡಬೇಕು. 1965ರ ಆರಂಭದಲ್ಲಿ ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಶೇ. 80ರಷ್ಟು ಕಪ್ಪು ಜನರಿದ್ದರೂ ಮತದಾರರ ಪಟ್ಟಿಯಲ್ಲಿ ಅವರ ಪೈಕಿ ಒಬ್ಬರ ಹೆಸರೂ ಇರಲಿಲ್ಲ. ಆ ವರ್ಷ ಮಾರ್ಚ್‌ನಲ್ಲಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಮತದಾನದ ಹಕ್ಕಿಗಾಗಿ ಹೊರಟ 54 ಮೈಲಿಯ ನಡಿಗೆ ಹಾದುಹೋದದ್ದು ಈ ಕೌಂಟಿಯ ನಡುವೆಯೇ. ಆಮೇಲೆ ಧೈರ್ಯ ಮಾಡಿ ಹೆಸರು ನೋಂದಾಯಿಸಿದ ಪಾಲುಗಾರ ರೈತರನ್ನು ಜಮೀನಿನ ಒಡೆಯರು ಮನೆಯಿಂದ ಎಬ್ಬಿಸಿದರು, ಆ ಕುಟುಂಬಗಳು 80ನೆಯ ಹೆದ್ದಾರಿಯ ಬದಿಯಲ್ಲಿ ಡೇರೆ ಹಾಕಿಕೊಂಡು ಎರಡು ವರ್ಷದಷ್ಟು ಕಾಲ ಬದುಕಿದವು. ಹೆದ್ದಾರಿಯಿಂದ ಒಳಕ್ಕೆ ಹೋದರೆ ಇಂದಿಗೂ ಕೆಲವು ಮನೆಗಳ ಕಕ್ಕಸಿನ ಪೈಪು ಹಿತ್ತಲು ದಾಟಿ ನೇರವಾಗಿ ಹಳ್ಳಕ್ಕೆ ತೆರೆದುಕೊಳ್ಳುತ್ತದೆ. ಹತ್ತಿಯನ್ನು ಹುಲುಸಾಗಿ ಬೆಳೆಸಿದ ಅದೇ ಜಿಗುಟು ಮಣ್ಣು ನೀರನ್ನು ಇಂಗಿಸಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಸಾಮಾನ್ಯ ಸೆಪ್ಟಿಕ್ ಟ್ಯಾಂಕು ಕೆಲಸ ಮಾಡುವುದಿಲ್ಲ. ಆ ಮಣ್ಣಿಗೆ ಒಗ್ಗುವ ವ್ಯವಸ್ಥೆಯ ಖರ್ಚು ಬಡಕುಟುಂಬದ ಕೈಗೆ ಎಟುಕುವುದಿಲ್ಲ. ಈ ಕೌಂಟಿಯಲ್ಲೇ ಬೆಳೆದ ಕ್ಯಾಥರಿನ್ ಕೋಲ್ಮನ್ ಫ್ಲವರ್ಸ್ ಅವರು ಹತ್ತಾರು ವರ್ಷ ಮನೆಮನೆ ಅಲೆದು ಇದನ್ನು ದೇಶದ ಕಣ್ಣಿಗೆ ತಂದರು, 2020ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಗೌರವ ಸಂದಿತು. 2023ರ ಮೇ ತಿಂಗಳಲ್ಲಿ ಒಕ್ಕೂಟ ಸರ್ಕಾರದ ನ್ಯಾಯ ಇಲಾಖೆಯು ರಾಜ್ಯದ ಆರೋಗ್ಯ ಇಲಾಖೆಯೊಡನೆ ಇದನ್ನು ಸರಿಪಡಿಸುವ ಒಪ್ಪಂದ ಮಾಡಿಕೊಂಡಿತು, 2025ರ ಏಪ್ರಿಲ್‌ನಲ್ಲಿ ಹೊಸ ಆಡಳಿತ ಆ ಒಪ್ಪಂದವನ್ನೇ ಕೊನೆಗೊಳಿಸಿತು. ಸರ್ಕಾರ ಬಂದಿತು, ಹೋಯಿತು. ಮನೆಮನೆಗೆ ಹೋಗಿ ಯಾರ ಪೈಪು ಎಲ್ಲಿ ಒಡೆದಿದೆ ಎಂದು ಬರೆದಿಟ್ಟುಕೊಂಡಿರುವವರು ಅಲ್ಲಿಯೇ ಇದ್ದಾರೆ. ಅವರ ಕಾರಿನ ಪೆಟ್ರೋಲಿಗೆ, ಫೋನ್ ಬಿಲ್ಲಿಗೆ, ಅರ್ಧ ಸಂಬಳಕ್ಕೆ ಹಣ ಕೊಡುವವರೇ ಅಪರೂಪ.

ನಮ್ಮ ಕಡೆಯ ದೇವಸ್ಥಾನಗಳ ಟ್ಯೂಬ್‌ಲೈಟುಗಳ ಮೇಲೆ ದಾನಿಗಳ ಹೆಸರು ಬರೆಸಿ ಅರ್ಧ ಬೆಳಕು ಅಕ್ಷರಗಳಲ್ಲೇ ಸೋರಿಹೋಗುವುದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ಇಲ್ಲಿಗೆ ಬಂದ ಮೇಲೂ ಆ ಗುಣ ಬಿಟ್ಟಿಲ್ಲ. ಅಕ್ಕಿಯ ಮೂಟೆ ಕೊಡುತ್ತೇವೆ, ಪುಸ್ತಕ ಕೊಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಮೂಟೆಯನ್ನು ಮನೆಗೆ ಮುಟ್ಟಿಸುವ ವ್ಯಾನಿನ ಟೈರಿಗೆ ಕೊಡಿ ಎಂದರೆ ಅದು ‘ಆಡಳಿತ ವೆಚ್ಚ’ ಎಂದು ಮುಖ ತಿರುಗಿಸುತ್ತೇವೆ. ನಿಗದಿ ಮಾಡದೆ ಕೊಡಬೇಕೆಂದು ಸಮಿತಿ ಹೇಳುತ್ತಿರುವುದು ಈ ಟೈರಿಗಾಗಿಯೇ.

ಆ ಜನ ಕೈಚಾಚಿ ಕುಳಿತವರೆಂದು ಯಾರಾದರೂ ಭಾವಿಸಿದ್ದರೆ ಅದೂ ಸರಿಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬುಕರ್ ಟಿ. ವಾಷಿಂಗ್ಟನ್ ಮತ್ತು ಷಿಕಾಗೋದ ವರ್ತಕ ಜೂಲಿಯಸ್ ರೋಸನ್‌ವಾಲ್ಡ್ ಸೇರಿ ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಮಕ್ಕಳಿಗೆ ಸುಮಾರು 5,000 ಶಾಲೆಗಳನ್ನು ಕಟ್ಟಿಸಿದರು. ಊರಿನವರು ತಮ್ಮ ಪಾಲು ಹಾಕಿದರೆ ಮಾತ್ರ ನಿಧಿಯ ಪಾಲು ಬರುವ ಏರ್ಪಾಡು ಅದು. 1932ರಲ್ಲಿ ಲೆಕ್ಕ ಮುಗಿಸಿದಾಗ ರೋಸನ್‌ವಾಲ್ಡ್ ನಿಧಿ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್, ಪಾಲುಗಾರಿಕೆಯಲ್ಲಿ ಹೊಟ್ಟೆ ಹೊರೆಯುತ್ತಿದ್ದ ಕಪ್ಪು ಕುಟುಂಬಗಳು ಕೊಟ್ಟದ್ದು ಸುಮಾರು 47 ಲಕ್ಷ. ಗ್ರೀನ್ ಕೌಂಟಿಯ ಬೊಲಿಗೀ ಎಂಬಲ್ಲಿ ಶಾಲೆಗಾಗಿ ಚಂದಾ ಎತ್ತುತ್ತಿದ್ದ ಸಭೆಯಲ್ಲಿ, ಗುಲಾಮಗಿರಿಯ ದಿನಗಳನ್ನು ಕಂಡಿದ್ದ ಮುದುಕನೊಬ್ಬ ಜಿಡ್ಡುಗಟ್ಟಿದ ಚೀಲವೊಂದನ್ನು ಜೇಬಿನಿಂದ ಮೆಲ್ಲಗೆ ತೆಗೆದು ಮೇಜಿನ ಮೇಲೆ ಸುರಿದನೆಂದೂ, ಅದು ಅವನ ಬಾಳಿನ ಗಳಿಕೆಯೆಲ್ಲ ಸೇರಿ 38 ಡಾಲರ್ ಆಗಿತ್ತೆಂದೂ ಅಲ್ಲಿದ್ದವರು ವರದಿ ಮಾಡಿದ್ದಾರೆ. ವಿಲ್‌ಕಾಕ್ಸ್ ಕೌಂಟಿಯಲ್ಲಿ 1966ರಲ್ಲಿ ಹೆಂಗಸರು ಸೇರಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘ ಕಟ್ಟಿ ಕೌದಿ ಹೊಲಿದು ಮಾರಿದರು. ಅದೇ ಕೌಂಟಿಯ ಗೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರು ಸವೆದ ಪ್ಯಾಂಟು, ಹೊಲದಲ್ಲಿ ಬಣ್ಣಗೆಟ್ಟ ಅಂಗಿ ಕತ್ತರಿಸಿ ಹೊಲಿದ ಕೌದಿಗಳು ಈಗ ದೊಡ್ಡ ಕಲಾಸಂಗ್ರಹಾಲಯಗಳ ಗೋಡೆಯ ಮೇಲಿವೆ. ಆ ಹಳ್ಳಿಯವರು ನದಿ ದಾಟಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗತೊಡಗಿದಾಗ, 1962ರಲ್ಲಿ, ದೋಣಿಯನ್ನೇ ನಿಲ್ಲಿಸಲಾಯಿತು. ಮತ್ತೆ ದೋಣಿ ಬಂದದ್ದು 2006ರಲ್ಲಿ.

ನಮಗೂ ಅವರಿಗೂ ಏನು ಸಂಬಂಧ ಎಂಬುದಕ್ಕೆ ಎರಡು ತಾರೀಖು ಸಾಕು. ಮತದಾನದ ಹಕ್ಕಿಗಾಗಿ ನಡೆದು ಸೆಲ್ಮಾದ ಸೇತುವೆಯ ಮೇಲೆ ಪೊಲೀಸರಿಂದ ಏಟು ತಿಂದವರಿಂದಾಗಿ ಮತದಾನ ಹಕ್ಕಿನ ಕಾಯಿದೆಗೆ 1965ರ ಆಗಸ್ಟ್ 6ರಂದು ಸಹಿ ಬಿತ್ತು. ಜನಾಂಗ ನೋಡಿ ಬಾಗಿಲು ಮುಚ್ಚುವುದು ತಪ್ಪೆಂಬ ಅದೇ ವಾತಾವರಣದಲ್ಲಿ ಅಕ್ಟೋಬರ್ 3ರಂದು ವಲಸೆ ಕಾಯಿದೆ ಬದಲಾಯಿತು. ನಮ್ಮ ಕೂಟದ ಸ್ಥಾಪಕರು ಈ ದೇಶಕ್ಕೆ ಬಂದದ್ದು ಆ ಎರಡನೆಯ ಸಹಿಯ ಬಲದಿಂದ.

ಕಾನೂನಿನ ತೊಡಕೊಂದನ್ನು ಸದಸ್ಯರ ಗಮನಕ್ಕೆ ತರಬೇಕು. ಅಟ್ಲಾಂಟದ ‘ಫಿಯರ್‌ಲೆಸ್ ಫಂಡ್’ ಕಪ್ಪು ಮಹಿಳೆಯರ ಉದ್ದಿಮೆಗಳಿಗಷ್ಟೇ ಮೀಸಲಿಟ್ಟಿದ್ದ 20,000 ಡಾಲರ್ ಅನುದಾನದ ಮೇಲೆ 2023ರಲ್ಲಿ ದಾವೆ ಬಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆಂದೇ 1866ರಲ್ಲಿ ಮಾಡಿದ ನಾಗರಿಕ ಹಕ್ಕುಗಳ ಕಾಯಿದೆಯನ್ನೇ ಅವರ ವಿರುದ್ಧ ಮುಂದಿಟ್ಟು ವಾದಿಸಲಾಯಿತು. 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅನುದಾನಕ್ಕೆ ತಡೆಯೊಡ್ಡಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಕಾರ್ಯಕ್ರಮ ಮುಚ್ಚಿತು. ಅಲಬಾಮಾ ಆ ನ್ಯಾಯಾಲಯದ ವ್ಯಾಪ್ತಿಗೇ ಸೇರುತ್ತದೆ. ಹಾಗಾಗಿ ನಮ್ಮ ಠರಾವಿನಲ್ಲಿ ಯಾವ ವರ್ಣದವರಿಗೆ ಎಂದು ಬರೆಯದೆ, ಆ ಸೀಮೆಯ ಸಂಸ್ಥೆಗಳಿಗೆ ಎಂದು ಬರೆದಿದ್ದೇವೆ. ಜನಸಂಖ್ಯೆಯಲ್ಲಿ ಬಹುಪಾಲು ಯಾರಿದ್ದಾರೋ ಸಂಸ್ಥೆಗಳೂ ಅವರವೇ ಆಗಿರುತ್ತವೆ ಎಂಬುದು ಸಮಿತಿಯ ಎಣಿಕೆ. ಈ ಸುತ್ತುಬಳಸು ನನಗೆ ಹಿಡಿಸಿಲ್ಲ, ಆದರೆ ವಕೀಲರಿಗೆ ಕೊಡುವ ಹಣ ನಮ್ಮಲ್ಲಿಲ್ಲ.

ಊರಿನವರೇ ಹಂಚಿದರೆ ಪಕ್ಷಪಾತ ಇರುವುದಿಲ್ಲವೇ ಎಂದರೆ, ಇರಬಹುದು. ಎಲ್ಲರೂ ಎಲ್ಲರಿಗೂ ಗೊತ್ತಿರುವ ಕಡೆ ಅಳಿಯನ ಸಂಸ್ಥೆಗೂ ಅರ್ಜಿ ಇರುತ್ತದೆ, ಜಗಳವಾಡಿದ ಚರ್ಚಿನದಕ್ಕೂ ಇರುತ್ತದೆ. ತನಗೆ ಸಂಬಂಧವಿರುವ ಅರ್ಜಿ ಬಂದಾಗ ಎದ್ದು ಹೊರಗೆ ಹೋಗುವ ನಿಯಮವನ್ನು ಸರಿಯಾಗಿ ಪಾಲಿಸುವ ಕಡೆಗೇ ಕೊಡಬೇಕು, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ನಮ್ಮದೇ ರಾಜ್ಯೋತ್ಸವದಲ್ಲಿ ಯಾರ ಮಗಳ ನೃತ್ಯ ಮೊದಲು ಎಂಬುದರ ಮೇಲೆ ನಡೆಯುವ ಮಾತುಕತೆಯನ್ನು ಬಲ್ಲ ನಾವು ಈ ವಿಷಯದಲ್ಲಿ ಬೇರೆಯವರಿಗೆ ಉಪದೇಶ ಮಾಡದಿರುವುದು ಒಳಿತು.

ಮತಪತ್ರ ಈ ಸಂಚಿಕೆಯ ಜೊತೆಗಿದೆ, ಯುಗಾದಿ ಕಾರ್ಯಕ್ರಮದ ದಿನ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಬಹುದು. ಠರಾವು ಒಪ್ಪಿಗೆಯಾದರೆ ಮೂರು ವರ್ಷ ಸತತವಾಗಿ ಅದೇ ಮೊತ್ತ ಹೋಗುತ್ತದೆ. ಒಂದು ವರ್ಷ ಕೊಟ್ಟು ಮರುವರ್ಷ ಮರೆತರೆ ಸಂಬಳಕ್ಕೆ ಸೇರಿಸಿಕೊಂಡವರನ್ನು ಅವರು ಬಿಡಬೇಕಾಗುತ್ತದೆ. ಲಿಖಿತ ವರದಿ ಕೇಳುವುದಿಲ್ಲ, ವರ್ಷಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡುತ್ತೇವೆ. ಆ ಫೋನ್ ಮಾಡುವ ಕೆಲಸವನ್ನು, ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರೇ ವಹಿಸಿಕೊಂಡಿದ್ದಾರೆ. ಅವರು ಹುಬ್ಬಳ್ಳಿ ಕಡೆಯವರು; ಮೊದಲು ಮಳೆ ಬೆಳೆ ವಿಚಾರಿಸಿ ಆಮೇಲೆ ಲೆಕ್ಕ ಕೇಳುತ್ತೇನೆ ಎಂದಿದ್ದಾರೆ.