ಕೈಕಾಲು ನೆಟ್ಟಗಿದ್ದರೆ ಸಾಕೇ?

ಮಾನ್ಯ ಸಂಪಾದಕರೆ,

ನನ್ನ ಗಂಡ ಇಪ್ಪತ್ತೆರಡು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ಕ್ವಿಂಟಲ್ ದರ ಹೇಳಿದರೆ ಸಾಕು, ತೂಕಕ್ಕೆ ಎಷ್ಟಾಯಿತು, ಕಮಿಷನ್ ಎಷ್ಟು ಎಂದು ಬಾಯಲ್ಲೇ ಹೇಳಿಬಿಡುತ್ತಿದ್ದರು. ಕಳೆದ ಮಳೆಗಾಲದಲ್ಲಿ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹೆಲ್ಮೆಟ್ ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹನ್ನೊಂದನೆಯ ದಿನ ಮನೆಗೆ ಬಂದರು. ನಡೆಯುತ್ತಾರೆ, ಮಾತನಾಡುತ್ತಾರೆ. ನೆಂಟರೆಲ್ಲ ‘ದೇವರು ದೊಡ್ಡವನು, ಮೊದಲಿನಂತೆಯೇ ಇದ್ದಾರೆ’ ಎಂದು ಕಾಫಿ ಕುಡಿದು ಹೋದರು.

ಆ ಕಾಫಿಯ ವಿಷಯವನ್ನೇ ಹೇಳುತ್ತೇನೆ. ನನ್ನ ಗಂಡ ಒಲೆಯ ಮೇಲೆ ಹಾಲಿಟ್ಟು ಸಕ್ಕರೆ ಡಬ್ಬಿ ತೆಗೆಯಲು ತಿರುಗಿದರೆ ಹಾಲು ಮರೆತಂತೆಯೇ. ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾದರೂ ಡಬ್ಬಿ ಹಿಡಿದು ಅಲ್ಲೇ ನಿಂತಿರುತ್ತಾರೆ. ಸೀದ ವಾಸನೆಯೂ ಅವರಿಗೆ ತಿಳಿಯುವುದಿಲ್ಲ. ಪೆಟ್ಟಿನ ರಭಸಕ್ಕೆ ಮೂಗಿನಿಂದ ಮಿದುಳಿಗೆ ಹೋಗುವ ಎಳೆನರಗಳು ಹರಿದಿರಬೇಕು ಎಂದರು ವೈದ್ಯರು. ಮಂಡಿಯ ಯಜಮಾನರು ಒಳ್ಳೆಯವರು, ಇವರನ್ನು ಎರಡು ತಿಂಗಳು ಕೂರಿಸಿ ನೋಡಿದರು. ಫೋನ್ ಬಂದರೆ ಇವರಿಗೆ ಕೂಡುತ್ತಿದ್ದ ಸಾಲು ಕೈತಪ್ಪುತ್ತದೆ, ಮತ್ತೆ ಮೊದಲಿನಿಂದ. ಮಧ್ಯಾಹ್ನದ ಹೊತ್ತಿಗೆ ಉತ್ತು ಬಂದ ಎತ್ತಿನಂತೆ ಬಸವಳಿದು ರೇಗುತ್ತಾರೆ. ಎಂದೂ ದನಿ ಎತ್ತದಿದ್ದ ಮನುಷ್ಯ.

ನಿಮ್ಹಾನ್ಸ್‌ನಲ್ಲಿ ಅರ್ಧ ದಿನ ಪರೀಕ್ಷೆ ಮಾಡಿದರು. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರೆ ಹಸು, ನಾಯಿ, ಬೆಕ್ಕು, ಹುಲಿ, ಮತ್ತೆ ಹಸು. ಬಾಗಿಲ ಬಳಿ ಕುಳಿತಿದ್ದ ನಾನು ಸೆರಗು ಕಚ್ಚಿಕೊಂಡೆ. ಗಮನ, ನೆನಪು, ಯೋಜಿಸಿ ಕೆಲಸ ಮಾಡುವ ಶಕ್ತಿ ಕುಂದಿವೆ ಎಂದು ವಿವರವಾದ ವರದಿ ಕೊಟ್ಟರು.

ಅದನ್ನು ಹಿಡಿದು ಅಂಗವಿಕಲರ ಗುರುತಿನ ಚೀಟಿಗೆ ಹೋದರೆ, ಕೈ ಮೇಲೆತ್ತಿಸಿ, ನಾಲ್ಕು ಹೆಜ್ಜೆ ನಡೆಸಿ, ‘ಏನೂ ಆಗಿಲ್ಲವಲ್ಲಮ್ಮ’ ಎಂದು ಕಳುಹಿಸಿದರು. ವರದಿಯ ಎರಡನೆಯ ಪುಟವನ್ನೂ ತಿರುವಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕೈಕಾಲು ನಡುಗುವ ಪಾರ್ಕಿನ್ಸನ್ ಇದೆ, ಮಿದುಳು-ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ತಲೆಗೆ ಪೆಟ್ಟು ಬಿದ್ದು ಮಿದುಳು ಸೋತವರಿಗೆ ಮಾತ್ರ ಪ್ರತ್ಯೇಕ ಸಾಲಿಲ್ಲ. ಹೊಸ ಬಗೆಯನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅದೇ ಕಾಯ್ದೆಯಲ್ಲಿದೆ. ನಮ್ಮ ಸಂಸದರು ಇದನ್ನು ಕೇಳಲಿ.

ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ. ಈ ಸಲ ಕೈ ಎತ್ತಿ ಎನ್ನುವುದು ಬೇಡ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದು ನನ್ನ ಗಂಡನಿಗೆ ಹೇಳಿ ನೋಡಲಿ.

— ಓರ್ವ ಓದುಗಿ, ಸಾಗರ