ಒಂದು ಕಪಾಟು ಬೇಕಾಗಿದೆ

ಆತ್ಮೀಯ ಕನ್ನಡ ಬಂಧುಗಳೇ,

ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಇದು ರಾಜ್ಯೋತ್ಸವದ ಸಂಚಿಕೆಯಾದ್ದರಿಂದ ನಾಡು-ನುಡಿಯ ಬಗ್ಗೆ ಸಂಪಾದಕೀಯ ಬರಲಿ ಎಂದು ಕಾರ್ಯಕಾರಿ ಸಮಿತಿಯವರು ಹೇಳಿದ್ದರು. ನಾಳೆ ಬೆಳಿಗ್ಗೆ ಪತ್ರಿಕೆ ನಿಮ್ಮೆಲ್ಲರ ಇ-ಮೇಲ್‌ಗೆ ಹೋಗಬೇಕು. ಈಗ ರಾತ್ರಿ ಹನ್ನೊಂದು ದಾಟಿದೆ. ನುಡಿಯ ಬಗ್ಗೆ ಈ ಸಲ ಸದಸ್ಯರಿಂದಲೇ ಒಳ್ಳೆಯ ಲೇಖನಗಳು ಬಂದಿವೆ, ಒಳಪುಟಗಳಲ್ಲಿವೆ, ತಪ್ಪದೆ ಓದಿ. ನನಗೆ ಮಾತ್ರ ಹೋದ ಭಾನುವಾರ ಕನ್ನಡ ತರಗತಿಯಲ್ಲಿ ಕಿವಿಗೆ ಬಿದ್ದ ಒಂದು ಮಾತನ್ನು ಬಿಟ್ಟು ಬೇರೆ ಏನನ್ನೂ ಬರೆಯಲು ಮನಸ್ಸಾಗುತ್ತಿಲ್ಲ.

ಟೀಚರ್ ಮಕ್ಕಳಿಗೆ ಸ್ವಂತ ವಾಕ್ಯ ರಚಿಸಲು ಹೇಳಿದ್ದರು. ಒಬ್ಬನಿಗೆ ದೋಸೆ ಬೇಕು, ಇನ್ನೊಬ್ಬಳಿಗೆ ನಾಯಿಮರಿ ಬೇಕು. ಹನ್ನೊಂದು ವರ್ಷದ ಹುಡುಗನೊಬ್ಬ ಎದ್ದು ನಿಂತು, ತಪ್ಪಿಲ್ಲದ ಕನ್ನಡದಲ್ಲಿ, "ನನ್ನ ತಂಗಿ ಸ್ಕೌಟ್ಸ್ ಸೇರಬೇಕು, ಅದಕ್ಕೆ ನಾನು ಸ್ಕೌಟ್ಸ್ ಬಿಡಬೇಕು" ಎಂದ. ಟೀಚರ್ "ಭೇಷ್" ಎಂದರು. ಬಿಡುವಿನಲ್ಲಿ ನಾನು ಅವನನ್ನು ಕೇಳಿದೆ. "ಇಬ್ಬರಿಗೂ ಆಗುವುದಿಲ್ಲ ಅಂಕಲ್, ಅಮ್ಮ ಲೆಕ್ಕ ಹಾಕಿದ್ದಾರೆ" ಎಂದು ಹೇಳಿ ಆಡಲು ಓಡಿದ. ದೂರು ಹೇಳುವ ದನಿಯೂ ಅದರಲ್ಲಿರಲಿಲ್ಲ.

ಅವನ ತಾಯಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಯಾವ ಮನೆ ಎಂದು ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ.

ಆ ಲೆಕ್ಕ ನಮ್ಮ ಮನೆಯಲ್ಲೂ ಇದೆ. ಪರ್ಸನಲ್ ಮ್ಯಾನೇಜ್‌ಮೆಂಟ್ ಎಂಬ, ಸ್ಕೌಟ್ಸ್‌ನಲ್ಲಿ ಹಣ-ಸಮಯದ ನಿರ್ವಹಣೆ ಕಲಿತವರಿಗೆ ಕೊಡುವ ಮೆರಿಟ್ ಬ್ಯಾಡ್ಜಿಗಾಗಿ ಮಕ್ಕಳು ಹದಿಮೂರು ವಾರ ತಮ್ಮ ಆದಾಯ-ಖರ್ಚನ್ನು ಬರೆದಿಡಬೇಕು. ಸ್ಕೌಟ್ಸ್‌ನ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಆಗಬೇಕೆನ್ನುವವರಿಗೆ ಅದು ಕಡ್ಡಾಯ. ನಮ್ಮ ಮಗಳು ಅದನ್ನು ಮುಗಿಸಿದ ಮೇಲೆ, ಯಾರೂ ಹೇಳದೆ, ತಾನು ಟ್ರೂಪ್ (ಸ್ಥಳೀಯ ಸ್ಕೌಟ್ ದಳ) ಸೇರಿದ ಮೊದಲ ವರ್ಷದ ರಸೀದಿಗಳನ್ನೆಲ್ಲ ಹುಡುಕಿ ಇನ್ನೊಂದು ಹಾಳೆ ಬರೆದಳು. ರಾಷ್ಟ್ರೀಯ ಸದಸ್ಯತ್ವ 85 ಡಾಲರ್. ಆ ಭಾಗದ ಟ್ರೂಪುಗಳನ್ನು ನೋಡಿಕೊಳ್ಳುವ ಕೌನ್ಸಿಲ್‌ನ ಶುಲ್ಕ 65, ಟ್ರೂಪಿನ ವಾರ್ಷಿಕ ವಂತಿಗೆ 120. ಅಂಗಿ, ಪ್ಯಾಂಟು, ಬೆಲ್ಟು, ಸ್ಕಾರ್ಫ್, ಹೊಲಿದುಕೊಳ್ಳಬೇಕಾದ ಪ್ಯಾಚುಗಳು ಸೇರಿ 140; ಕೈಪಿಡಿಗೆ 25. ವಾರಾಂತ್ಯದ ಕ್ಯಾಂಪುಗಳು ಎಂಟು, ಒಂದಕ್ಕೆ 30. ಬೇಸಿಗೆಯಲ್ಲಿ ಒಂದು ವಾರದ ಶಿಬಿರ 475. ಸ್ಲೀಪಿಂಗ್ ಬ್ಯಾಗ್, ಬೆನ್ನುಚೀಲ, ಬೂಟು, ರೇನ್‌ಕೋಟ್, ಹೆಡ್‌ಲ್ಯಾಂಪ್ ಇತ್ಯಾದಿಗೆ 350. ಕೂಡಿದರೆ 1,500 ಡಾಲರ್. ಎರಡನೆಯ ವರ್ಷ ಸಾವಿರದ ಹತ್ತಿರಕ್ಕೆ ಇಳಿಯುತ್ತದೆ. ಮಕ್ಕಳು ದೊಡ್ಡವರಾಗಿ ನ್ಯೂ ಮೆಕ್ಸಿಕೋದಲ್ಲಿರುವ ಸ್ಕೌಟ್ಸ್ ಚಾರಣ ಕೇಂದ್ರ ಫಿಲ್ಮಾಂಟ್‌ಗೆ ಹೊರಟರೆ ಆ ಒಂದು ಚಾರಣಕ್ಕೇ ಸಾವಿರ ದಾಟುತ್ತದೆ, ಹೋಗಿ ಬರುವ ಖರ್ಚು ಬೇರೆ. ಕೌನ್ಸಿಲ್‌ಗೂ ಟ್ರೂಪಿಗೂ ಈ ಅಂಕಿಗಳಲ್ಲಿ ವ್ಯತ್ಯಾಸವಿರುತ್ತದೆ. ನಿಮ್ಮ ಮನೆಯ ಲೆಕ್ಕ ಸ್ವಲ್ಪ ಹೆಚ್ಚಿರಬಹುದು, ಕಡಿಮೆಯೂ ಇರಬಹುದು.

ಇದೇ ರಾಷ್ಟ್ರೀಯ ಸದಸ್ಯತ್ವಕ್ಕೆ 2019ರಲ್ಲಿ 33 ಡಾಲರ್ ಇತ್ತು. 2020ರ ಜನವರಿಯಲ್ಲಿ 60 ಆಯಿತು, 2024ರ ಏಪ್ರಿಲ್‌ನಲ್ಲಿ 85. ಹೊಣೆಗಾರಿಕೆ ವಿಮೆಯ ಹೊರೆ ಏರಿದ್ದು ಮೊದಲ ಏರಿಕೆಗೆ ಕೊಟ್ಟ ಕಾರಣ. ಅದರ ಬೆನ್ನಿಗೇ 2020ರ ಫೆಬ್ರುವರಿಯಲ್ಲಿ, ಹಿಂದಿನ ದಶಕಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಮೊಕದ್ದಮೆಗಳ ಎದುರು ಬಾಯ್ ಸ್ಕೌಟ್ಸ್ ಆಫ್ ಅಮೆರಿಕಾ ಸಂಸ್ಥೆ ದಿವಾಳಿ ರಕ್ಷಣೆ ಕೋರಿತು. 2025ರ ಫೆಬ್ರುವರಿಯಿಂದ ಅದರ ಹೆಸರು ಸ್ಕೌಟಿಂಗ್ ಅಮೆರಿಕಾ. ಹುಡುಗಿಯರ ಬೇರೆಯೇ ಸಂಸ್ಥೆಯಾದ ಗರ್ಲ್ ಸ್ಕೌಟ್ಸ್‌ನವರೂ ವರ್ಷಗಟ್ಟಲೆ 25 ಡಾಲರ್‌ನಲ್ಲಿದ್ದ ಶುಲ್ಕವನ್ನು 2026ರ ಸದಸ್ಯತ್ವಕ್ಕೆ 45ಕ್ಕೆ ಏರಿಸಿದ್ದಾರೆ. ಸಂಸ್ಥೆ ನಡೆಯಬೇಕು, ಮಕ್ಕಳ ಸುರಕ್ಷತೆಗೆ ಹಣ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಏರಿದ್ದು ಯಾರಿಗೆ ತಟ್ಟುತ್ತದೆ ಎನ್ನುವುದನ್ನು ನಾವು, ನಮ್ಮ ಕೂಟದವರು, ಮಾತನಾಡುವುದೇ ಇಲ್ಲ.

ಇಬ್ಬರೂ ದುಡಿಯುವ ಮನೆಗಳಲ್ಲಿ ಫೋನಿಗೆ ಲಿಂಕ್ ಬರುತ್ತದೆ, ಒತ್ತುತ್ತೇವೆ, ಹಣ ಹೋಗುತ್ತದೆ. ಹೊಸದಾಗಿ ಬಂದ ಕುಟುಂಬದಲ್ಲಿ ಒಬ್ಬರದೇ ಸಂಬಳ. ಕೆಲಸದ ವೀಸಾದಲ್ಲಿ ಬಂದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ಕೆಲಸದ ಅನುಮತಿ ಬರುವವರೆಗೆ ದುಡಿಯುವಂತಿಲ್ಲ. ಊರಿನಲ್ಲಿ ಕಟ್ಟುತ್ತಿರುವ ಮನೆಯ ಸಾಲದ ಕಂತು, ಅಪ್ಪ-ಅಮ್ಮನ ಔಷಧಿ, ಇಲ್ಲಿನ ಬಾಡಿಗೆ ಇವೆಲ್ಲ ಆದ ಮೇಲೆ ಸ್ಕೌಟ್ಸ್ ಸರದಿ ಬರುತ್ತದೆ. ಅಂಥವರು ಬಾಯಿ ಬಿಟ್ಟು ಹೇಳುವುದಿಲ್ಲ. "ಈ ವರ್ಷ ಮ್ಯಾಥ್ಸ್ ಕಡೆ ಗಮನ ಕೊಡೋಣ ಎಂದುಕೊಂಡಿದ್ದೇವೆ" ಎನ್ನುತ್ತಾರೆ. ನಾವೂ ತಲೆಯಾಡಿಸುತ್ತೇವೆ.

ಹಣ ಕೂಡಿಸುವ ದಾರಿಯನ್ನೂ ನೋಡಿ. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ನಮ್ಮ ಪ್ರತಿ ಕಾರ್ಯಕ್ರಮದ ಬಾಗಿಲಲ್ಲೂ ಸ್ಕೌಟ್ ಮಕ್ಕಳು ನಿಧಿಗಾಗಿ ಮಾರುವ ಪಾಪ್‌ಕಾರ್ನ್ ಮೇಜು ಇರುತ್ತದೆ. ನಿಮ್ಮ ಮಗನಿಂದ ನಾನು ಕೊಳ್ಳುತ್ತೇನೆ, ನನ್ನ ಮಗಳಿಂದ ನೀವು. ಕೊಟ್ಟ ಹಣದಲ್ಲಿ ಮಗುವಿನ ಟ್ರೂಪಿಗೆ ಉಳಿಯುವುದು ಸಾಮಾನ್ಯವಾಗಿ ಮೂರನೆಯ ಒಂದು ಭಾಗದ ಆಸುಪಾಸು. ಮಕ್ಕಳು ಅಪರಿಚಿತರೆದುರು ನಿಂತು ಮಾತನಾಡಲು ಕಲಿಯುತ್ತಾರೆ, ಅದು ದೊಡ್ಡ ಲಾಭ, ಒಪ್ಪುತ್ತೇನೆ. ಆದರೆ ಕೆಲವು ಕಡೆ ಯಾವ ಮಗು ಎಷ್ಟು ಮಾರಿತೋ ಅಷ್ಟು ಅದರ ಶಿಬಿರಕ್ಕೆ ಎನ್ನುವ ಪದ್ಧತಿಯಿದೆ. ಪರಿಚಿತರು ಹೆಚ್ಚಿರುವ ಮನೆಯ ಮಗು ಹೆಚ್ಚು ಮಾರುತ್ತದೆ. ಊರಿಗೆ ಬಂದು ಆರು ತಿಂಗಳಾದವರ ಮಗು ಯಾರ ಬಾಗಿಲು ತಟ್ಟಬೇಕು?

ಇಲ್ಲಿ ನನಗೆ ನಮ್ಮ ಮೇಷ್ಟ್ರು ನೆನಪಾಗುತ್ತಾರೆ. ಹರಿಹರದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಿಲ್ ಮೇಷ್ಟ್ರೇ ಸ್ಕೌಟ್ ಮಾಸ್ಟರ್. ಖಾಕಿ ಅಂಗಿ-ಚಡ್ಡಿ ಅಣ್ಣನದು, ದರ್ಜಿ ಮೊಟಕುಗೊಳಿಸಿ ಕೊಟ್ಟದ್ದು. ಸ್ಕಾರ್ಫಿನ ಬಟ್ಟೆಯನ್ನು ಮೇಷ್ಟ್ರು ಒಟ್ಟಿಗೆ ಮೀಟರ್ ಲೆಕ್ಕದಲ್ಲಿ ತಂದು ತ್ರಿಕೋನವಾಗಿ ಕತ್ತರಿಸಿ ಹಂಚುತ್ತಿದ್ದರು, ಅಂಚು ಹೊಲಿಯುವುದು ಅವರವರ ಅಮ್ಮಂದಿರ ಕೆಲಸ. ಗಂಟು ಕಲಿಯಲು ಬಾವಿಯ ಹಳೆಯ ಹಗ್ಗ. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಎಂಬ ಹೆಸರುಗಳನ್ನು ಇಂಗ್ಲಿಷ್ ಬಾರದ ನಾವು ಮಂತ್ರದಂತೆ ಹೇಳುತ್ತಾ ಗಂಟು ಹಾಕುತ್ತಿದ್ದೆವು.

ವರ್ಷಕ್ಕೊಮ್ಮೆ ಖರಿ ಕಮಾಯಿ ಬರುತ್ತಿತ್ತು. ಇಬ್ಬಿಬ್ಬರಾಗಿ ಮನೆ ಮನೆಗೆ ಹೋಗಿ, ಎಡಗೈಯಲ್ಲಿ ಕಾರ್ಡು ಹಿಡಿದು ಸೆಲ್ಯೂಟ್ ಹೊಡೆದು, "ಏನಾದರೂ ಕೆಲಸ ಕೊಡಿ, ದುಡಿದು ಸಂಪಾದಿಸುತ್ತೇವೆ" ಎನ್ನಬೇಕು. ಬೇಡುವಂತಿಲ್ಲ. ಕೆಲಸ ಮಾಡದೆ ಒಂದು ಪೈಸೆಯನ್ನೂ ಮುಟ್ಟಕೂಡದೆಂದು ಮೇಷ್ಟ್ರ ಕಟ್ಟಪ್ಪಣೆ. ಕಿರ್ಲೋಸ್ಕರ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬಜಾಜ್ ಸ್ಕೂಟರ್ ಒರೆಸಿದರೆ ಒಂದು ರೂಪಾಯಿ. ಪೇಟೆಯಲ್ಲಿ ಅಂಗಡಿಯ ಮುಂದೆ ಗುಡಿಸಿದರೆ ನಾಲ್ಕಾಣೆ. ಕೆಲವರು ಕೆಲಸ ಮಾಡಿಸಿಕೊಂಡು ಮಂಡಕ್ಕಿ ಕೊಟ್ಟು ಕಳಿಸುತ್ತಿದ್ದರು. ಅದನ್ನೂ ಕಾರ್ಡಿನಲ್ಲಿ ಬರೆಸಿಕೊಂಡು ಸಹಿ ಹಾಕಿಸುತ್ತಿದ್ದೆವು. ನನ್ನ ಜೊತೆಗಾರ ಮಂಡಿಪೇಟೆಯ ಹಮಾಲರೊಬ್ಬರ ಮಗ. ಅವನಿಗೆ ಆ ವಾರ ಎರಡು ದಿನ ಬರಲಾಗಲಿಲ್ಲ, ಅಪ್ಪನ ಜೊತೆ ಚೀಲ ಹೊಲಿಯಲು ಹೋಗಿದ್ದ.

ಶನಿವಾರ ಎಲ್ಲರೂ ಸಾಲಾಗಿ ನಿಂತು ಸಂಪಾದನೆ ಒಪ್ಪಿಸಬೇಕಿತ್ತು. ಯಾರದು ಎಷ್ಟು ಎಂದು ಜೋರಾಗಿ ಹೇಳಿಕೊಳ್ಳುವ ಆಸೆ ನಮಗೆಲ್ಲ. ಮೇಷ್ಟ್ರು ಎಣ್ಣೆಯ ಖಾಲಿ ಡಬ್ಬವೊಂದನ್ನು ಮೇಜಿನ ಮೇಲಿಟ್ಟು, ಎಲ್ಲರೂ ಒಬ್ಬೊಬ್ಬರಾಗಿ ಹಾಕಿ ಎಂದರು. ಎಣಿಸಲೇ ಇಲ್ಲ. ತುಂಬಿದ ಮೇಲೆ ಮುಚ್ಚಳ ಹಾಕಿ, "ಕೊಂಡಜ್ಜಿ ಕ್ಯಾಂಪಿಗೆ ಎಲ್ಲರ ಫೀಸೂ ಕಟ್ಟಿಯಾಯಿತು, ಸೋಮವಾರ ಬೆಳಿಗ್ಗೆ ಆರಕ್ಕೆ ಬಸ್‌ಸ್ಟ್ಯಾಂಡಿನಲ್ಲಿರಿ" ಎಂದು ಹೇಳಿ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಅದರಲ್ಲಿ ಇದ್ದ ಹಣ ಎಲ್ಲರಿಗೂ ಸಾಲುವಂತಿರಲಿಲ್ಲ. ಉಳಿದದ್ದನ್ನು ಅವರು ಎಲ್ಲಿಂದ ತಂದರೆಂದು ನಮಗೆ ಕೇಳುವ ಬುದ್ಧಿಯೂ ಆಗ ಇರಲಿಲ್ಲ.

ಕೊಂಡಜ್ಜಿಯ ಕೆರೆ, ಗುಡ್ಡ, ಸ್ಕೌಟ್ಸ್ ಶಿಬಿರ ಕೇಂದ್ರವನ್ನು ದಾವಣಗೆರೆ ಕಡೆಯವರಿಗೆ ನಾನು ವರ್ಣಿಸಬೇಕಾಗಿಲ್ಲ. ಜಮಖಾನದಲ್ಲಿ ಸುತ್ತಿದ ಹಾಸಿಗೆ, ಒಂದು ತಟ್ಟೆ, ಒಂದು ಲೋಟ. ಬಿದಿರು ಮತ್ತು ಹಗ್ಗದಲ್ಲಿ ಚಪ್ಪಲಿ ಇಡುವ ಅಟ್ಟ, ತಟ್ಟೆ ಒಣಗಿಸುವ ಅಟ್ಟ. ಅವಕ್ಕೆ ಗ್ಯಾಜೆಟ್ ಎಂದೇ ಹೆಸರು. ಪೆಟ್ರೋಲ್ ಎಂದು ಕರೆಯುತ್ತಿದ್ದ ನಮ್ಮ ಸಣ್ಣ ತಂಡಕ್ಕೆ ಗ್ಯಾಜೆಟ್ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಬಂತು. ಕಟ್ಟಿದವನು ಆ ಹಮಾಲರ ಮಗನೇ. ಚೀಲದ ಬಾಯಿ ಬಿಗಿದು ಪಳಗಿದ ಕೈ ಅದು. ಹಣವಿಲ್ಲವೆಂದು ಅವನು ಮನೆಯಲ್ಲಿ ಉಳಿದಿದ್ದರೆ ನಮ್ಮ ಚಪ್ಪಲಿಗಳು ನೆಲದ ಮೇಲೆಯೇ ಇರುತ್ತಿದ್ದವು.

ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಬಿಷಪ್ ಕಾಟನ್ ಶಾಲೆಯಲ್ಲಿ. ಕ್ಯಾಪ್ಟನ್ ಬೇಕರ್ ಕಟ್ಟಿದ ಆ ದಳಕ್ಕೆ ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳು ಮಾತ್ರ ಸೇರಬಹುದಿತ್ತು. ನಮ್ಮ ಮಕ್ಕಳಿಗಾಗಿ ಆನಿ ಬೆಸೆಂಟ್, ಮದನ ಮೋಹನ ಮಾಳವೀಯರಂಥವರು ಬೇರೆ ಸಂಘಗಳನ್ನೇ ಕಟ್ಟಬೇಕಾಯಿತು. ಮುಖ್ಯ ಸ್ಕೌಟ್ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಊರಿನ ಶಾಲೆಗಳಲ್ಲಿ ಆ ದಿನ ಮಕ್ಕಳು ಈಗಲೂ ಧ್ವಜದ ಚೀಟಿ ಮಾರುತ್ತಾರೆ. ಇಲ್ಲಿ ಅಮೆರಿಕದಲ್ಲಿ 2019ರಿಂದ ಹುಡುಗಿಯರಿಗೂ ಸ್ಕೌಟ್ಸ್ ಟ್ರೂಪುಗಳು ತೆರೆದಿವೆ. ಇಷ್ಟು ಜನ ಇಷ್ಟು ಕಷ್ಟಪಟ್ಟು ತೆರೆದ ಬಾಗಿಲಿನ ಮುಂದೆ ನಮ್ಮದೇ ಕೂಟದ ಮಗು ಬೂಟಿನ ಬೆಲೆಗೆ ಹಿಂದೆ ಸರಿಯಬಾರದು.

ಪ್ರಕಟಣೆಗಳಿಗೆ ಜಾಗ ಕಡಿಮೆಯಿದೆ, ಒಟ್ಟಿಗೇ ಹೇಳಿಬಿಡುತ್ತೇನೆ. ರಾಜ್ಯೋತ್ಸವ ಈ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಧ್ವಜಾರೋಹಣ; ಊಟದ ಸಂಖ್ಯೆ ಅಡುಗೆಯವರಿಗೆ ಕೊಡಬೇಕಾದ್ದರಿಂದ ಬುಧವಾರದೊಳಗೆ ಹೆಸರು ನೋಂದಾಯಿಸಿ. ನಾಟಕದ ತಾಲೀಮು ಶುಕ್ರವಾರ ಸಂಜೆಯೂ ಇದೆ. ಸಭಾಂಗಣದ ಹಿಂದಿನ ಪಾರ್ಕಿಂಗ್ ನಮಗಿಲ್ಲ, ಅಲ್ಲಿ ಕಾರು ನಿಲ್ಲಿಸಬೇಡಿ. ಕನ್ನಡ ತರಗತಿಯ ಮಕ್ಕಳು ಶಾಲು ಮರೆಯದಿರಲಿ. ಚಳಿಗಾಲದ ಕೋಟು ಸಂಗ್ರಹ ತಿಂಗಳ ಕೊನೆಯವರೆಗೆ. ಸದಸ್ಯತ್ವ ನವೀಕರಣಕ್ಕೆ ಡಿಸೆಂಬರ್ 31 ಕಡೆಯ ದಿನ. ಸಂಕ್ರಾಂತಿ ಸಂಚಿಕೆಗೆ ಲೇಖನಗಳು ಡಿಸೆಂಬರ್ 15ರೊಳಗೆ ಬರಲಿ, ಯೂನಿಕೋಡ್‌ನಲ್ಲೇ ಬರಲಿ. ಪುಟ ವಿನ್ಯಾಸ ಮಾಡುತ್ತಿದ್ದ ಗೆಳೆಯರು ಕುಟುಂಬ ಸಮೇತ ಮೈಸೂರಿಗೆ ಮರಳಿದ್ದಾರೆ. ಬರೆಯುವುದು, ತಿದ್ದುವುದು, ಪುಟ ಕಟ್ಟುವುದು ಮೂರನ್ನೂ ಒಬ್ಬನೇ ಮಾಡಿ ಮುಂದಿನ ಸಂಚಿಕೆ ತರಲು ನನ್ನಿಂದ ಆಗುವುದಿಲ್ಲ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ.

ಇನ್ನು ಕಪಾಟಿನ ವಿಷಯ. ಮಗಳ ಹಾಳೆಯನ್ನು ಇನ್ನೊಮ್ಮೆ ನೋಡಿ: ಸಮವಸ್ತ್ರ, ಕೈಪಿಡಿ, ಕ್ಯಾಂಪಿನ ಸಾಮಾನು ಕೂಡಿದರೆ 515 ಡಾಲರ್, ಮೊದಲ ವರ್ಷದ ಖರ್ಚಿನ ಹೆಚ್ಚೂಕಡಿಮೆ ಮೂರನೆಯ ಒಂದು ಭಾಗ. ಇದೇ ಸಾಮಾನು ಈಗ ನಮ್ಮ ಗ್ಯಾರೇಜುಗಳಲ್ಲಿ ಬಿದ್ದಿದೆ. ಮೈಸೂರಿಗೆ ಹೋದ ಗೆಳೆಯರು ಹೊರಡುವ ಮುನ್ನ ಎರಡು ಅಂಗಿ, ಒಂದು ಜೊತೆ ಬೂಟು, ಎರಡು ಸ್ಲೀಪಿಂಗ್ ಬ್ಯಾಗ್, ಇಬ್ಬರು ಮಲಗುವ ಟೆಂಟ್ ನನ್ನ ಕೈಗಿಟ್ಟು, "ಯಾರಿಗಾದರೂ ಆಗಲಿ" ಎಂದರು. ಅಲ್ಲಿಂದಲೇ ಶುರು ಮಾಡೋಣ. ಕೂಟದ ಉಗ್ರಾಣದಲ್ಲಿ, ಹಬ್ಬದ ಅಲಂಕಾರದ ಪೆಟ್ಟಿಗೆಗಳ ಪಕ್ಕದಲ್ಲಿ, ಒಂದು ಕಪಾಟನ್ನು ಇದಕ್ಕೇ ಬಿಟ್ಟುಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ಬೇಕಾದವರು ತೆಗೆದುಕೊಳ್ಳಬಹುದು, ಮಗು ಬೆಳೆದ ಮೇಲೆ ಹಿಂದಿರುಗಿಸಬಹುದು. ಹೆಸರು ಬರೆಯುವ ಪುಸ್ತಕ ಇಡುವುದಿಲ್ಲ. ಠೇವಣಿ ಇಲ್ಲ.

ಉಳಿದ ಎರಡು ಭಾಗಕ್ಕೂ ದಾರಿಗಳಿವೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬೇಸಿಗೆ ಶಿಬಿರಕ್ಕೆ ಕ್ಯಾಂಪರ್‌ಶಿಪ್ ಎಂಬ ನೆರವನ್ನು ಬಹುತೇಕ ಕೌನ್ಸಿಲ್‌ಗಳು ಕೊಡುತ್ತವೆ. ಅರ್ಜಿ ಬೇಗನೆ ಹಾಕಬೇಕು, ಬೇಸಿಗೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮುಗಿದಿರುತ್ತದೆ. ವಂತಿಗೆಯನ್ನು ಕಂತಿನಲ್ಲಿ ಕಟ್ಟಲು ಸ್ಕೌಟ್ ಮಾಸ್ಟರನ್ನು ಖಾಸಗಿಯಾಗಿ ಕೇಳಿ. ಕೇಳುವುದರಲ್ಲಿ ಅವಮಾನವೇನಿಲ್ಲ. ಇಲ್ಲಿನ ಸ್ಕೌಟ್ ನಿಯಮದ ಹನ್ನೆರಡು ಅಂಶಗಳಲ್ಲಿ ಮಿತವ್ಯಯವೂ ಒಂದು, ನಮ್ಮ ಊರಿನ ಒಂಬತ್ತರಲ್ಲೂ ಒಂದು. ಇದ್ದವರು ಮೂವತ್ತು ಡಾಲರ್‌ನ ಪಾಪ್‌ಕಾರ್ನ್ ಡಬ್ಬದ ಬದಲು ಅದೇ ಮೂವತ್ತನ್ನು ಟ್ರೂಪಿನ ನೆರವು ನಿಧಿಗೆ ನೇರವಾಗಿ ಕೊಟ್ಟರೆ ಪೂರ್ತಿ ಮಗುವಿಗೇ ತಲುಪುತ್ತದೆ. ಟ್ರೂಪು ನಡೆಸುವ ತಂದೆ-ತಾಯಿಯರಲ್ಲಿ ನನ್ನ ಒಂದು ಬೇಡಿಕೆ: ಹಣ ಕಟ್ಟುವ ಲಿಂಕ್ ಕಳಿಸುವಾಗ ಅದರ ಕೆಳಗೆ ನೆರವಿನ ವಿಷಯ ಒಂದು ಸಾಲು ಬರೆಯಿರಿ. ಪ್ರತಿ ಸಲ, ಎಲ್ಲರಿಗೂ.

ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಪಕ್ಕದಲ್ಲಿ ಎರಡು ದೊಡ್ಡ ಪೆಟ್ಟಿಗೆಗಳಿರುತ್ತವೆ. ಅಂಗಿಗಳನ್ನು ಒಗೆದು ತನ್ನಿ, ಹಳೆಯ ಟ್ರೂಪಿನ ಅಂಕಿಗಳನ್ನು ಬಿಚ್ಚಿ ತನ್ನಿ. ಟೆಂಟಿನ ಗೂಟಗಳನ್ನು ಎಣಿಸಿ ಒಂದೇ ಚೀಲದಲ್ಲಿ ಕಟ್ಟಿಡಿ. ಬೂಟುಗಳನ್ನು ಜೊತೆಯಾಗಿ ಲೇಸಿನಿಂದ ಬಿಗಿದು ಅಳತೆಯ ಚೀಟಿ ಅಂಟಿಸಿ. ಎಂಟರಿಂದ ಹನ್ನೊಂದು ವರ್ಷದವರ ಅಳತೆಗಳು ಮೊದಲು ಬೇಕಾಗಿವೆ. ಕಪಾಟಿನ ಬೀಗದ ಕೈ ಇಟ್ಟುಕೊಂಡು ಭಾನುವಾರ ತರಗತಿಯ ಹೊತ್ತಿಗೆ ಅರ್ಧ ಗಂಟೆ ತೆರೆದಿಡಲು ಒಬ್ಬರು ಬೇಕು. ಬರುವವರನ್ನು ಏನೂ ಕೇಳದೆ ಕೊಡಬಲ್ಲವರಾಗಿದ್ದರೆ ಸಾಕು.

ನಿಮ್ಮ,
ಸಂಪಾದಕ